ಬಾಯ್ಲರ್ ಮೇಸ್ತ್ರಿಯ ಮೂರನೆಯ ಆಲ್ಬಮ್

"ಈ ಬಾಯ್ಲರ್ ಮೇಸ್ತ್ರಿಗೆ ರೆಕಾರ್ಡ್ ಪ್ಲೇಯರೇ ಮೊದಲ ಹೆಂಡತಿ, ಕಟ್ಟಿಕೊಂಡವಳು ಎರಡನೆಯವಳು" ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಹಳೆಯ ರಾಕ್ ತಂಡವೊಂದರ ಐದು ಆಲ್ಬಮ್‌ಗಳೆಂದರೆ ಅವನಿಗೆ ಪ್ರಾಣ. ಅದರಲ್ಲೂ ಮೂರನೆಯದು: ರೆಕಾರ್ಡಿನ ಒಂದು ಮಗ್ಗುಲಿಗೆಲ್ಲ ಒಂದೇ ಹಾಡು, ಶುರುವಿಗೆ ಸಣ್ಣಗೆ ಸುಯ್‌ಗುಡುವ ಆರ್ಗನ್ ವಾದ್ಯ. ಗಿರಣಿಯ ಬಾಯ್ಲರಿನಲ್ಲೂ ಅಂಥದೇ ಸದ್ದು ಕೇಳಿ ಹಬೆ ಸೋರುವುದನ್ನು ಮೀಟರಿಗಿಂತ ಮೊದಲು ಹಿಡಿಯುವವನು ಅವನೇ.

ಈಚೆಗೆ ಆ ಆರ್ಗನ್ ಕೇಳದಾಯಿತು. ರೆಕಾರ್ಡ್ ಸವೆಯಿತೆಂದು ಇನ್ನೊಂದು ತಂದ. ಪ್ಲೇಯರಿನ ಮುಳ್ಳನ್ನು ಮೂರು ಸಲ ಬದಲಿಸಿದ.

"ಇನ್ನೂ ಶುರುವೇ ಆಗ್ಲಿಲ್ಲ ಕಣೇ," ಎಂದ ಅವತ್ತು ಬೆಳಿಗ್ಗೆ, ರೆಕಾರ್ಡ್ ಹಾಕಿ.

ಹೆಂಡತಿ ಸೌಟು ಹಿಡಿದೇ ಬಂದಳು. "ಅಯ್ಯೋ, ಆಗಲೇ ಶುರುವಾಗಿದೆಯಲ್ರೀ! ಕಿವಿ ತೋರಿಸ್ಕೊಳ್ಳಿ ಅಂದ್ರೆ ಮುಳ್ಳು ಬದಲಾಯಿಸ್ತಾ ಕೂತಿದೀರಿ. ಇವತ್ತು ಕೆಲಸಕ್ಕೆ ಹೋಗ್ಬೇಡಿ."

ಕಿವಿ ಹೋಗಿದೆಯೆಂದು ಗೊತ್ತಾದರೆ ಗಿರಣಿಯವರು ಒಳಗೆ ಬಿಟ್ಟುಕೊಳ್ಳುತ್ತಾರೆಯೇ? "ರೆಕಾರ್ಡೇ ಸರಿಯಿಲ್ಲ ಬಿಡು," ಎಂದು ಗೊಣಗಿ ಬೂಟು ಏರಿಸಿದ.

ಅತ್ತ ಬಾಯ್ಲರಿನ ಕೊಳವೆಯೊಂದು ಬೆಳಗಿನಿಂದಲೇ ಸಣ್ಣಗೆ ಸುಯ್‌ಗುಡುತ್ತಿತ್ತು. ಇತ್ತ ಬಾಗಿಲಲ್ಲಿ ನಿಂತು ಅವಳು ಎರಡು ಸಲ ಕೂಗಿದಳು. ಅವನು ತಿರುಗಲಿಲ್ಲ. ಆ ಹೊಸಿಲನ್ನು ಅವನು ದಾಟಿದ್ದು ಅದೇ ಕೊನೆ.