ಅಕ್ಕ ಹೇಳಿದ ಎಣ್ಣೆಯ ಸಿನಿಮಾ

ಅಕ್ಕನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಅತ್ತಿಬೆಲೆಯ ಫ್ಯಾಕ್ಟರಿಯಲ್ಲಿ ಬಾಟಲಿ ಮುಚ್ಚಳಗಳನ್ನು ಮಷೀನಿನಿಂದ ಬಿಸಿಬಿಸಿಯಾಗಿ ತೆಗೆದು ತೆಗೆದು ಚರ್ಮ ಗಾಜಿನಂತೆ ನುಣುಪಾಗಿತ್ತು. ಬೆರಳೊತ್ತುವ ಹಾಜರಿ ಮಷೀನು ಅವಳನ್ನು ಗುರುತಿಸುತ್ತಿರಲಿಲ್ಲ. "ಒಂಬತ್ತು ವರ್ಷ ಆತು, ಇನ್ನೂ ನೀ ಯಾರು ಅಂತೀಯಲ್ಲೋ ಮೂಳಾ" ಎಂದು ಅದಕ್ಕೆ ಬೈದು ಮತ್ತೆ ಒತ್ತುತ್ತಿದ್ದಳು. ಹಿಂದೆ ನಿಂತ ಹೆಂಗಸರು ನಗುತ್ತಿದ್ದರು.

ಕೊಪ್ಪಳದ ಕಡೆಯಿಂದ ಮೊದಲು ಇಲ್ಲಿಗೆ ಬಂದವಳು ಅವಳು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಅದೇ ಫ್ಯಾಕ್ಟರಿಯ ಗೋಡೌನಿನಲ್ಲಿ ನನಗೆ ಚೀಲ ಹೊರುವ ಕೆಲಸ ಕೊಡಿಸಿದವಳೂ ಅವಳೇ. ಚಂದಾಪುರದಲ್ಲಿ ಒಂದೇ ರೂಮಿನಲ್ಲಿದ್ದೆವು.

ಅವಳಿಗೆ ಸಿನಿಮಾ ಹುಚ್ಚು. ನೋಡುವುದಕ್ಕಿಂತ ಹೇಳುವ ಹುಚ್ಚು ಹೆಚ್ಚು. ಭಾನುವಾರ ನೋಡಿದ್ದನ್ನು ಸೋಮವಾರ ತುಂಡು ತುಂಡಾಗಿ ವಾಯ್ಸ್ ಮೆಸೇಜು ಮಾಡಿ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದಳು. ಪಾತ್ರಗಳ ಹೆಸರು ಅವಳಿಗೆ ನೆನಪಿರುತ್ತಿರಲಿಲ್ಲ. ಅದಕ್ಕೆ ನಮ್ಮವರನ್ನೇ ಕಥೆಯೊಳಗೆ ತಂದು ನಿಲ್ಲಿಸುತ್ತಿದ್ದಳು. ದೆವ್ವದ ಸಿನಿಮಾದಲ್ಲಿ ದೆವ್ವ ನಮ್ಮ ರೂಮಿನ ಓನರಮ್ಮ. ಪ್ರೇಮದ ಸಿನಿಮಾದಲ್ಲಿ ಹೀರೋ ಕ್ಯಾಂಟೀನಿನ ಮುದುಕ. ಈ ಸಲ ಯಾರಿಗೆ ಯಾವ ಪಾರ್ಟು ಎಂದು ಹೆಂಗಸರು ಕಾಯುತ್ತಿದ್ದರು.

ಎಣ್ಣೆಯ ದೇಶಗಳಲ್ಲಿ ಯುದ್ಧ ಎಂದು ಟಿ.ವಿ.ಯಲ್ಲಿ ಬರುತ್ತಿದ್ದ ದಿನಗಳಲ್ಲಿ ಫ್ಯಾಕ್ಟರಿಯವರು ಹೆಂಗಸರ ವ್ಯಾನು ನಿಲ್ಲಿಸಿದರು. ಡೀಸೆಲ್ ದುಬಾರಿ, ಮುಚ್ಚಳ ಮಾಡುವ ಪ್ಲಾಸ್ಟಿಕ್ ಕಾಳೂ ಎಣ್ಣೆಯಿಂದಲೇ ಆಗುವುದು, ಮಾಲು ಬರುತ್ತಿಲ್ಲ, ಸಹಕರಿಸಿ ಎಂದು ನೋಟೀಸು ಹಚ್ಚಿದರು. ಹೆಂಗಸರು ಹೊಸೂರು ರಸ್ತೆಯಲ್ಲಿ ಬಸ್ಸಿಳಿದು, ಲಾರಿಗಳ ಪಕ್ಕದಲ್ಲಿ ಮೈ ಮುದುಡಿಕೊಂಡು ಮೂರು ಕಿಲೋಮೀಟರು ನಡೆಯಬೇಕಾಯಿತು. ಮಾಲು ಇಲ್ಲವೆಂಬುದು ಶುದ್ಧ ಸುಳ್ಳು. ಗೋಡೌನಿನಲ್ಲಿ ಕಾಳಿನ ಚೀಲಗಳನ್ನು ಮೇಲಿನ ತಗಡು ಮುಟ್ಟುವಂತೆ ಪೇರಿಸಿದವನು ನಾನೇ. ಅದನ್ನು ಅಕ್ಕನಿಗೆ ಹೇಳಿದೆ. ಅವಳು ಕ್ಯಾಂಟೀನಿನಲ್ಲಿ ಎಲ್ಲರೆದುರು ಮ್ಯಾನೇಜರನ್ನು ಕೇಳಿಯೇಬಿಟ್ಟಳು: "ಸಾರ್, ಗೋಡೌನ್ ತುಂಬ ಮಾಲು ಐತಿ. ನಿಮ್ಮ ಕಾರಿಗೆ ಸಿಗೋ ಡೀಸೆಲ್ಲು ನಮ್ಮ ವ್ಯಾನಿಗ್ಯಾಕ ಸಿಗವಲ್ದು?" ಅವನು ನಕ್ಕ. ಆ ನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಭಾನುವಾರ ಹೆಬ್ಬಗೋಡಿಯ ಟಾಕೀಸಿನಲ್ಲಿ ಕನ್ನಡಕ್ಕೆ ಡಬ್ ಆದ ಇಂಗ್ಲಿಷ್ ಸಿನಿಮಾವೊಂದನ್ನು ಇಬ್ಬರೂ ನೋಡಿದೆವು. ದೊಡ್ಡ ದೇಶದ ಮಂತ್ರಿಯೊಬ್ಬ ಎಣ್ಣೆ ತುಂಬಿದ ಹಡಗುಗಳನ್ನು ನಡುಸಮುದ್ರದಲ್ಲಿ ನಿಲ್ಲಿಸಿ, ಎಣ್ಣೆಯೇ ಇಲ್ಲ ಎಂದು ಜಗತ್ತಿಗೆಲ್ಲ ಸುಳ್ಳು ಹೇಳುತ್ತಾನೆ. ಸಣ್ಣ ದೇಶಗಳು ಬಂದು ಅವನ ಕಾಲಿಗೆ ಬೀಳುತ್ತವೆ. ಎಣ್ಣೆಬಾವಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿಗೆ ಈ ಗುಟ್ಟು ತಿಳಿಯುತ್ತದೆ. ಅವಳು ಆ ದೊಡ್ಡ ದೇಶಕ್ಕೆ ಹೋಗುವ ಪೈಪಿನ ವಾಲ್ವನ್ನೇ ಬಂದ್ ಮಾಡುತ್ತಾಳೆ. ಅಕ್ಕ ನನ್ನ ತೊಡೆಗೆ ಹೊಡೆದು, "ನೋಡಲೇ, ನಮ್ಮ ಗೋಡೌನು!" ಎಂದು ಕೂಗಿದಳು. ಮುಂದಿನ ಸೀಟಿನವನು ತಿರುಗಿ, "ಮೇಡಂ, ನೀವೇ ಡೈರೆಕ್ಟರಾ?" ಎಂದ.

ಸೋಮವಾರ ಐದು ತುಂಡುಗಳಲ್ಲಿ ಕಥೆ ಹೋಯಿತು. ಮಂತ್ರಿಯ ಪಾರ್ಟು ಮ್ಯಾನೇಜರನಿಗೆ. ಕೊನೆಯ ತುಂಡಿನಲ್ಲಿ ಅಕ್ಕನ ದನಿ ಏರಿತ್ತು: "ವಾಲ್ವ್ ಬಂದ್ ಮಾಡಾಕಿ ಯಾರು? ನಾನು! ಬಂದ್ ಮಾಡೇಬಿಡ್ತೀನ್ರೆವ್ವಾ. ಮ್ಯಾನೇಜರ್ ಅಳಕೋಂತ ಬರಬೇಕು ನನ್ನ ಕಡೆ!"

ಯಾರೋ ಅದನ್ನು ಆಫೀಸಿಗೆ ಮುಟ್ಟಿಸಿದರು. ಬುಧವಾರ ಮ್ಯಾನೇಜರು ನನ್ನನ್ನು ಒಳಗೆ ಕರೆದು ಆ ಕೊನೆಯ ತುಂಡೊಂದನ್ನೇ ಹಾಕಿ ಕೇಳಿಸಿದ.

"ಯಾರ ವಾಯ್ಸೋ ಇದು?"

"ಅಕ್ಕಂದು ಸಾರ್."

"ವಾಲ್ವ್ ಬಂದ್ ಮಾಡ್ತಾಳಂತೆ. ಮಷೀನ್ ತಣ್ಣಗಿಡೋ ನೀರು ನಿಂತ್ರೆ ಎಷ್ಟು ಲಾಸ್ ಗೊತ್ತೇನೋ? ಸೀರಿಯಸ್ ಮ್ಯಾಟರ್ ಕಣೋ ಇದು. ಗೋಡೌನಲ್ಲಿ ಮಾಲಿದೆ ಅಂತಾನೂ ಯಾರೋ ತಲೆ ತುಂಬಿದಾರೆ ಅವಳಿಗೆ. ನಿಂಗೇನಾದ್ರೂ ಗೊತ್ತಾ?"

ಸಾರ್, ಅದು ಸಿನಿಮಾದ ಕಥೆ, ನಾನು ಪಕ್ಕದಲ್ಲೇ ಕೂತಿದ್ದೆ. ಇಷ್ಟೇ ಹೇಳಬೇಕಾಗಿದ್ದುದು. ಬಾಯಿ ತೆರೆದರೆ ಮಾಲಿನ ಸುದ್ದಿ ಹೇಳಿದವನು ನಾನೆಂಬುದೂ ಹೊರಬೀಳುತ್ತದೆ ಎಂದು ಹೆದರಿದೆ. "ಗೊತ್ತಿಲ್ಲ ಸಾರ್" ಎಂದೆ. ದನಿ ಅಕ್ಕನದೇ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದೆ.

ಅಂದೇ ಅವಳನ್ನು ಗೇಟಿನ ಹೊರಗೆ ಹಾಕಿದರು. ಅದು ಸಿನಿಮಾ ಎಂದು ಮ್ಯಾನೇಜರನಿಗೂ ಗೊತ್ತಿತ್ತು. ಐದೂ ತುಂಡುಗಳು ಅವನ ಫೋನಿನಲ್ಲಿದ್ದುದನ್ನು ನಾನು ಕಣ್ಣಾರೆ ನೋಡಿದ್ದೆ. ಮೊದಲ ತುಂಡಿನಲ್ಲೇ ಟಾಕೀಸಿನ ಹೆಸರಿತ್ತು. ಅವನಿಗೆ ಬೇಕಾಗಿದ್ದುದು ಕ್ಯಾಂಟೀನಿನಲ್ಲಿ ಪ್ರಶ್ನೆ ಕೇಳಿದ ಬಾಯಿ. ಅವಳು ಹೋದ ಮರುವಾರವೇ ವ್ಯಾನು ಬಂತು. ಡೀಸೆಲ್ ಬೆಲೆ ಒಂದು ಪೈಸೆಯೂ ಇಳಿದಿರಲಿಲ್ಲ. ಎಲ್ಲಿಯೋ ಯುದ್ಧ ಹಚ್ಚುವವರು, ಅದನ್ನು ತೋರಿಸಿ ಇಲ್ಲಿ ಹೆಂಗಸರನ್ನು ನಡೆಸುವವರು, ಎಲ್ಲರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರು ಯಾರೂ ಅಕ್ಕನ ಕೈಯ ರೊಟ್ಟಿ ತಿಂದು ಬೆಳೆದವರಲ್ಲ.

ಆ ಸಂಜೆ ಅವಳು ಕೇಳಿದಳು: "ಪಿಚ್ಚರ್ ಕತಿ ಅಂತ ನೀನರ ಹೇಳಬಾರದಿತ್ತೇನೋ?"

"ಹೇಳಿದ್ನಿ ಅಕ್ಕಾ. ಅವ್ರು ಕೇಳಲಿಲ್ಲ."

ಅವಳು ನಂಬಿದಳು. ನನ್ನ ಬೆನ್ನು ಸವರಿ, "ಇನ್ನ ನಿನ್ನ ಮ್ಯಾಲೂ ಕಣ್ಣಿಡ್ತಾರ, ಹುಷಾರು" ಎಂದಳು.

ಅತ್ತಿಬೆಲೆಯ ಬೇರೆ ಯಾವ ಫ್ಯಾಕ್ಟರಿಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆದಳು. ಸಿನಿಮಾ ನೋಡುವುದು ಬಿಡಲಿಲ್ಲ, ಹೇಳುವುದನ್ನು ಬಿಟ್ಟಳು. ಹೋದ ವರ್ಷ ಕಾಮಾಲೆಯಾಗಿ ಹನ್ನೆರಡೇ ದಿನದಲ್ಲಿ ತೀರಿಕೊಂಡಳು. ಕೊನೆಯವರೆಗೂ ನಾನು ನಿಜ ಹೇಳಲಿಲ್ಲ.

ಮಣ್ಣಿಗೆ ಫ್ಯಾಕ್ಟರಿಯ ಲೈನಿನ ಹೆಂಗಸರೆಲ್ಲ ಬಂದಿದ್ದರು. ಅವರಲ್ಲಿ ಹಿರಿಯಳೊಬ್ಬಳು ನನ್ನ ಕೈ ಹಿಡಿದುಕೊಂಡಳು. "ಅವತ್ತು ಆಫೀಸಲ್ಲಿ ನೀನೊಬ್ನೇ ಕಣಪ್ಪಾ ಅವಳ ಪರ ಮಾತಾಡಿದ್ದು. ಎಷ್ಟು ಸಲ ಹೇಳ್ಕೊಂಡಳೋ ನಮ್ಮತ್ರ, ನನ್ ತಮ್ಮ ಹೆದರಲಿಲ್ಲ ಅಂತ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹೌದಮ್ಮ" ಎಂದೆ.