ಫೋಟೊದಲ್ಲಿಲ್ಲದ ಕರಿಮಣಿ

ದೆವ್ವ, ಶಕುನ, ಪವಾಡ ಅಂತ ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ಈಗ ದಯವಿಟ್ಟು ನೀವು ಎದ್ದು ಹೋಗಬೇಡಿ.

ಮೂಡಿಗೆರೆಯಲ್ಲಿ ನನ್ನದೊಂದು ಗೊಬ್ಬರದ ಅಂಗಡಿ. ಜೊತೆಗೆ ಹಳೆಯ ಫೋಟೊಗಳ ಹುಚ್ಚು. ಅವನ್ನು ಊರಿನ ವಾಟ್ಸಾಪ್ ಗ್ರೂಪುಗಳಿಗೆ ಹಾಕಿ, ಕೆಳಗೊಂದು ರೋಚಕ ಕಥೆ ಬರೆಯುತ್ತಿದ್ದೆ. ಐದಾರು ವರ್ಷದ ಹಿಂದೆ ಆಲ್ದೂರಿನಲ್ಲಿ ಸ್ಟುಡಿಯೊ ಒಂದು ಮುಚ್ಚಿದಾಗ ಒಂದು ಪೆಟ್ಟಿಗೆ ಫೋಟೊ ಸಿಕ್ಕಿತು. ಅದರಲ್ಲೊಂದು ಎಸ್ಟೇಟಿನ ಗುಂಪುಚಿತ್ರ. ಕುರ್ಚಿಯಲ್ಲಿ ಸಾಹುಕಾರರು, ಹಿಂದೆ ನಿಂತ, ಲೆಕ್ಕ ಬರೆಯುವ ರೈಟರು, ಮೇಸ್ತ್ರಿ. ಮುಂದೆ, ಕಾಫಿ ಒಣಗಿಸುವ ಕಣದ ನೆಲದ ಮೇಲೆ, ಹೆಣ್ಣಾಳುಗಳು. ಫೋಟೊದ ಬೆನ್ನಿಗೆ ಎಸ್ಟೇಟಿನ ಹೆಸರು, ಕೂತವರ, ನಿಂತವರ ಹೆಸರೆಲ್ಲ ಇತ್ತು. ನೆಲದಲ್ಲಿದ್ದವರದು ಇರಲಿಲ್ಲ. ತುದಿಯಲ್ಲೊಬ್ಬಳು ಕ್ಯಾಮೆರಾ ಬಿಟ್ಟು ಇನ್ನೆಲ್ಲೋ ನೋಡುತ್ತಿದ್ದಳು.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕುರ್ಚಿಯವರ ಬಗ್ಗೆ ಸುಳ್ಳು ಬರೆದರೆ ಮೊಮ್ಮಕ್ಕಳು ಅಂಗಡಿಗೇ ಬಂದು ಜಾಡಿಸುತ್ತಾರೆ. ಆಳು ಹೆಂಗಸಿನ ಪರ ಕೇಳುವವರು ಯಾರು? ಟೀ ಕುಡಿಯುತ್ತಾ ಹತ್ತೇ ನಿಮಿಷದಲ್ಲಿ ಕಥೆ ಕಟ್ಟಿದೆ. ಮೇಸ್ತ್ರಿಯ ಕಾಟ ತಾಳಲಾರದೆ, ಫೋಟೊ ತೆಗೆದ ದಿನವೇ ಆ ತುದಿಯವಳು ಹೊರಟುಹೋದಳು; ಹೋಗುವ ಮೊದಲು, ಬುಟ್ಟಿಯಲ್ಲಿ ಮಲಗಿದ್ದ ಮಗಳ ಕಾಲಿಗೆ ತನ್ನ ಕರಿಮಣಿಯನ್ನು ಎರಡು ಸುತ್ತು ಸುತ್ತಿದಳು. ಫೋಟೊದಲ್ಲಿ ಬುಟ್ಟಿಯೂ ಇಲ್ಲ, ಮಗುವೂ ಇಲ್ಲ. ಕರಿಮಣಿಯಂತೂ ಓದುವವರು ಅಳಲಿ ಎಂದೇ ಸೇರಿಸಿದ್ದು. ಜನ ಅತ್ತರು, ಊರೂರಿಗೆ ಹಂಚಿದರು. ಥೂ, ನಾನು ಬೀಗಿದೆ.

ತಿಂಗಳೊಳಗೆ ಒಂದು ಮಧ್ಯಾಹ್ನ ಕಳಸದ ಕಡೆಯ ಮುದುಕಿಯೊಬ್ಬರು ಅಂಗಡಿಗೆ ಬಂದರು. ಪಕ್ಕದ ಮನೆಯವರು ಕಥೆ ಓದಿ ಹೇಳಿದ್ದರಂತೆ; ಊರೂರು ಸುತ್ತಿ ಬರುವಷ್ಟರಲ್ಲಿ ಫೋಟೊ ಕಳಚಿಹೋಗಿತ್ತು. ಸೆರಗಿನ ಗಂಟು ಬಿಚ್ಚಿ, ಕರಿಮಣಿ ಸರವೊಂದನ್ನು ನನ್ನ ಮೇಜಿನ ಮೇಲಿಟ್ಟರು.

"ನಮ್ಮವ್ವಂದು. ಅದೇ ಎಸ್ಟೇಟಲ್ಲಿ ನನ್ನ ಬಿಟ್ಟು ಹೋಗಿದ್ದು. ಕಾಲಿಗೆ ಎರಡು ಸುತ್ತು ಸುತ್ತಿತ್ತಂತೆ. ಸಾಕಿದ ದೊಡ್ಡವ್ವ ಸಾಯೋವಾಗ ನನಗೊಬ್ಬಳಿಗೇ ಹೇಳಿದ್ದು. ನಿಮಗ್ಯಾರು ಹೇಳಿದ್ರು ಮಾರಾಯ್ರೇ?"

"ಅಮ್ಮಾ, ತಪ್ಪಾಯ್ತು. ಅದೆಲ್ಲ ನಾನೇ ಕಟ್ಟಿದ ಕಥೆ," ಎಂದೆ.

ಅವರು ನಂಬಲಿಲ್ಲ. "ನಾನು ನೊಂದ್ಕೊಳ್ತೀನಿ ಅಂತ ಮುಚ್ಚಿಡ್ಬೇಡಿ. ಇಷ್ಟು ಗೊತ್ತಿದ್ದೋರಿಗೆ ಅಷ್ಟು ಗೊತ್ತಿರಲ್ವಾ? ಎಲ್ಲಿಗೆ ಹೋದ್ಳು? ಬದುಕಿದ್ಳಾ?"

ಫೋಟೊವನ್ನು ಅವರ ಕೈಗಿಟ್ಟು ತುದಿಯವಳನ್ನು ತೋರಿಸಿದೆ. ತಾಯಿಯ ಮುಖವನ್ನು ಅವರು ಕಂಡದ್ದು ಅದೇ ಮೊದಲು. ಬೆರಳಿನಿಂದ ಸವರುತ್ತಾ ಕೂತರು.

ಈಗಲೂ ಕಾಫಿ ಕುಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಬಂದು ಕೇಳುತ್ತಾರೆ: "ಹೇಳ್ತೀರಾ ಈ ಸಲ?" ಸುಳ್ಳಾದರೂ ಸರಿ, ಒಂದು ಒಳ್ಳೆಯ ಕೊನೆ ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತೇನೆ. ಆದರೆ ಎಷ್ಟೇ ಒದ್ದಾಡಿದರೂ ನನ್ನ ಮನಸ್ಸಿಗೆ ಬರುವುದು ಒಂದೇ ಜಾಗ: ಎಸ್ಟೇಟಿನ ಹಿಂದಿನ ಕೆರೆ. ಆ ಎಸ್ಟೇಟಿಗೆ ನಾನು ಕಾಲಿಟ್ಟವನೇ ಅಲ್ಲ. ಅಲ್ಲಿ ಕೆರೆ ಇದೆಯೋ ಇಲ್ಲವೋ ಎಂದು ವಿಚಾರಿಸುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.