ಗೋರಾ ಲೈನಿಗೆ ಹೊಸ ಹೆಸರು

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮರುವರ್ಷ ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಪತ್ರಿಕೆಯ ಕಚೇರಿಗೆ ಬಂದಳು. ಆಗ ನಾನು ಬಳ್ಳಾರಿಯಲ್ಲಿ ವರದಿಗಾರನಾಗಿದ್ದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಕೂಡ್ರದೆ ನಿಂತೇ ಕೇಳಿದಳು. "ಇಡೀ ರಾಜ್ಯದ ಹೆಸರ ಬದಲಾಗೇತಿ. ನಮ್ಮದೊಂದು ಓಣಿದು ಆಗಾಂಗಿಲ್ಲೇನಪಾ?"

ಚಿಗವ್ವನ ಮನೆ ಇದ್ದದ್ದು ಕಂಟೋನ್ಮೆಂಟಿನ ಹಿಂಭಾಗದ ಗೋರಾ ಲೈನಿನಲ್ಲಿ. ಬಿಳಿ ಸಿಪಾಯಿಗಳಿಗೆಂದು ದಂಡಿನವರು ಹೆಂಗಸರನ್ನು ಇಟ್ಟಿದ್ದ ಸಾಲುಮನೆಗಳವು. ದಂಡು ಹೋಯಿತು. ಆ ಹೆಂಗಸರು ಎಲ್ಲಿಗೆ ಹೋದರೆಂದು ಯಾರೂ ಬರೆದಿಡಲಿಲ್ಲ. ಬಾಡಿಗೆ ಕಡಿಮೆ ಎಂದು ನಮ್ಮ ಕಾಕಾನಂಥವರು ಅಲ್ಲಿ ಸಂಸಾರ ಹೂಡಿದರು. ಬಾಗಿಲಿಗೆ ತೋರಣ ಬಂತು, ಗೂಡಿನಲ್ಲಿ ವಿಭೂತಿ ಬಂತು. ಆದರೂ ಊರಿನ ಬಾಯಲ್ಲಿ ಅವರೆಲ್ಲ ಗೋರಾ ಲೈನಿನವರೇ. ಹಾಗೆ ಅನ್ನುವಾಗ ಮಂದಿ ಸ್ವಲ್ಪ ನಗುತ್ತಿದ್ದರು.

ಚಿಗವ್ವನಿಗೆ ಒಬ್ಬಳೇ ಮಗಳು, ನನಗೆ ತಂಗಿ. ಸಿರುಗುಪ್ಪದ ಒಂದು ಮನೆಯವರು ಹುಡುಗಿಯನ್ನು ಮದುವೆಯೊಂದರಲ್ಲಿ ನೋಡಿ ಮೆಚ್ಚಿದ್ದರು. ಮನೆ ಎಲ್ಲಿ ಎಂದು ಕೇಳಿದ ಮೇಲೆ ಸುಮ್ಮನಾದರು. ಅಂದಿನಿಂದ ಚಿಗವ್ವನಿಗೆ ಅದೊಂದೇ ಹಟ. ಓಣಿಯ ಹೆಂಗಸರನ್ನು ಕಟ್ಟಿಕೊಂಡು ಪುರಸಭೆಗೆ ಅಲೆದಳು. ಕೊನೆಗೆ ದೇಶಕ್ಕಾಗಿ ಜೈಲು ಕಂಡ ದೊಡ್ಡವರೊಬ್ಬರ ಹೆಸರನ್ನು ಓಣಿಗೆ ಇಟ್ಟು, ನೀಲಿ ಬೋರ್ಡು ನೆಟ್ಟರು.

ಸುದ್ದಿ ನಾನೇ ಬರೆದೆ. ಹಳೆಯ ಹೆಸರು ಹಾಕಬೇಡ ಎಂದು ಚಿಗವ್ವ ಕೈ ಹಿಡಿದು ಹೇಳಿದ್ದಳು. ನಮ್ಮ ಹಿರಿಯ ಉಪಸಂಪಾದಕರು ನಾಲ್ಕು ಸಾಲಿನ ಸುದ್ದಿಯನ್ನು ಎರಡು ಸಲ ಓದಿ, "ಯಾವ ಓಣಿ ಅಂತ ಓದೋರಿಗೆ ತಿಳಿಯೂದು ಹೆಂಗಲೇ?" ಎಂದರು. ಕಾರಣ ಹೇಳಿದೆ. ಮತ್ತೇನೂ ಕೇಳದೆ ಹಾಗೇ ಅಚ್ಚಿಗೆ ಕಳಿಸಿದರು.

ಕುರುಗೋಡಿನ ಸಂಬಂಧ ಬಂದದ್ದು ಅದಾದ ಮೇಲೆ. ಹುಡುಗ ಸಾಲಿ ಮಾಸ್ತರ. ಚಿಗವ್ವ ಹೊಸ ಹೆಸರಿನ ವಿಳಾಸವನ್ನೇ ಹೇಳಿ ಕಳಿಸಿದಳು. ಹೆಣ್ಣು ನೋಡಲು ಹಿರಿಯರು ಬರುವ ದಿನ ಬೆಳಿಗ್ಗೆಯೇ ಹೂರಣ ರುಬ್ಬಿ ಹೋಳಿಗೆ ಮಾಡಿಸಿದಳು. ತಂಗಿ ಮಲ್ಲಿಗೆ ಮುಡಿದು, ಪಕ್ಕದ ಮನೆಯಿಂದ ತಂದ ಕುರ್ಚಿಗಳನ್ನು ತಾನೇ ಒರೆಸಿದಳು. ಮಧ್ಯಾಹ್ನ ಇಳಿಯಿತು, ಯಾರೂ ಬರಲಿಲ್ಲ. ಬಸ್ಸು ಕೆಟ್ಟಿರಬೇಕು, ನೋಡಿ ಬಾ ಎಂದು ಚಿಗವ್ವ ನನ್ನನ್ನು ಕಳಿಸಿದಳು.

ಬಸ್ ಸ್ಟ್ಯಾಂಡಿನವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಓಣಿಯ ತಿರುವಿನ ಚಹಾದಂಗಡಿಯವನು ನನ್ನ ಪರಿಚಯದವನೇ, ತಾನಾಗಿ ಹೇಳಿದ. ರುಮಾಲಿನ ಹಿರಿಯರು ಮೂವರು ಬಂದಿದ್ದರಂತೆ. ಜಟಕಾದವರನ್ನು ಕೇಳಿದರಂತೆ, ಪೋಸ್ಟಿನವನನ್ನು ಕೇಳಿದರಂತೆ. ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಇವನಿಗೂ ತಿಳಿಯಲಿಲ್ಲ. ಹುಡುಗಿಯ ತಂದೆಯ ಹೆಸರು ಹೇಳಿದಾಗ ಹೊಳೆಯಿತಂತೆ.

"ಪಾಪ, ಬಿಸಲಾಗ ಭಾಳ ಅಡ್ಡಾಡಿದ್ರು. 'ಅಯ್ಯ, ಗೋರಾ ಲೈನೇನ್ರಿ? ಇದ ನೋಡ್ರಿ, ಮುಂದ ಹೋಗ್ರಿ' ಅಂದೆ. ಚಾ ಅರ್ಧಕ್ಕ ಬಿಟ್ಟು ಎದ್ದ್ರು. ಮನಿಗೆ ಬಂದ್ರಿಲ್ಲೋ?"

ಅವನು ಉಪಕಾರವನ್ನೇ ಮಾಡಿದ್ದ. ಬೆಂಚಿನ ಮೇಲೆ ಲೋಟಗಳು ಇನ್ನೂ ಇದ್ದವು.

ಮನೆಗೆ ಮರಳಿದೆ. ಚಿಗವ್ವ ಹೊಸಿಲಲ್ಲೇ ನಿಂತಿದ್ದಳು.

"ಹಾದಿ ತಪ್ಪಿದ್ರೇನೋ?"

"ಇಲ್ಲ ಚಿಗವ್ವ. ಹಾದಿ ಸಿಕ್ಕಿತ್ತು."

ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ತಂಗಿ ಕುರ್ಚಿಗಳನ್ನು ಒಂದೊಂದಾಗಿ ಪಕ್ಕದ ಮನೆಗೆ ಒಯ್ದು ಕೊಟ್ಟು ಬಂದಳು. ಬಂದವಳು ನನ್ನ ಮುಂದೆ ತಟ್ಟೆ ಇಟ್ಟು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ಮಲ್ಲಿಗೆ ಇನ್ನೂ ಮುಡಿಯಲ್ಲೇ ಇತ್ತು.

"ಉಣ್ಣಣ್ಣಾ," ಎಂದಳು. "ಇಷ್ಟೂ ನಾವ ತೀರಸಬೇಕಲ್ಲ."